ಶನಿವಾರದ ಹಲ್ಲುನೋವು

ಮೊನ್ನೆ ಹಲ್ಲಿನ ಡಾಕ್ಟರ ಕೋಣೆಯ ಬಾಗಿಲು ತೆರೆದದ್ದೇ ತಡ, ಲವಂಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಲ್ಲಿಂದಲೇ ತಿರುಗಿ ಮನೆಗೆ ಹೋಗಿಬಿಡೋಣವೆನ್ನಿಸಿತು. ನಗಬೇಡಿ. ಕಾಡಿನಲ್ಲಿ ಮದ್ದಿಟ್ಟು ಬಂಡೆ ಸಿಡಿಸಿ ರಸ್ತೆ ಮಾಡಿಸಿದವನು ನಾನು. ಆದರೂ ಇಕ್ಕಳ ಕಂಡರೆ ಇಂದಿಗೂ ಕೈಕಾಲು ತಣ್ಣಗಾಗುತ್ತವೆ. ಈ ದವಡೆಹಲ್ಲನ್ನು ಹೇಗಾದರೂ ಉಳಿಸಿಕೊಡಿ ಎಂದು ಬೇಡಿಕೊಳ್ಳಲು ಹೋಗಿದ್ದೆ. ಮೊಮ್ಮಗಳ ವಯಸ್ಸಿನ ಡಾಕ್ಟರು ಬಾಯೊಳಗೆ ದೀಪ ಹಾಕಿ ನೋಡಿ, “ಯಾವಾಗಿನಿಂದ ನೋವು ಐತ್ರಿ ಅಜ್ಜಾರ?” ಎಂದರು. “ಅರವತ್ತರ ದಶಕದಿಂದ” ಎನ್ನಲು ಹೋದೆ. ಬಾಯಿ ತೆರೆದೇ ಇದ್ದುದರಿಂದ ಅದು ಬರೀ “ಆ” ಆಗಿ ಹೊರಬಿತ್ತು. ಮೂಲೆಯಲ್ಲಿ ಕುಳಿತಿದ್ದ ನನ್ನ ಹೆಂಡತಿ ಶಾಂತಾಗೆ ಮಾತ್ರ ಅರ್ಥವಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅವಳು ಯಾಕೆ ನಕ್ಕಳೆಂದು ನಿಮಗೆ ಹೇಳಿಬಿಡುತ್ತೇನೆ.

ಆಗ ನಾವು ದಾಂಡೇಲಿಯಲ್ಲಿದ್ದೆವು. ಅವ್ವ, ನಾನು, ಶಾಂತಾ, ಒಂದು ಕೈಗೂಸು. ನಾನು ರಸ್ತೆ ಇಲಾಖೆಯಲ್ಲಿ ಸಣ್ಣ ಇಂಜಿನಿಯರು. ರಸ್ತೆ ಮಾಡಲಿಕ್ಕೆ ಅಷ್ಟೇನು ಓದಬೇಕು ಎಂದು ಜನ ಕೇಳುತ್ತಿದ್ದರು, ನೀವೂ ಕೇಳಬಹುದು. ಮಾತು ಸುಳ್ಳಲ್ಲ. ದನಗಳು ನಾಲ್ಕು ದಿನ ಓಡಾಡಿದರೆ ಒಂದು ದಾರಿ ತಾನೇ ಆಗುತ್ತದೆ. ಆದರೆ ದನಕ್ಕೆ ತಿರುಗಲು ಬರುತ್ತದೆ, ಬಿದಿರು ಹೇರಿದ ಲಾರಿಗೆ ಬರುವುದಿಲ್ಲ. ಕಾಗದದ ಕಾರ್ಖಾನೆಗೆ ಕಾಡಿನಿಂದ ಬಿದಿರು ಹೊತ್ತು ಬರುವ ಲಾರಿಗಳನ್ನು ನೀವು ನೋಡಿರಬೇಕು. ಲಾರಿ ಮುಗಿದ ಮೇಲೂ ಬಿದಿರು ಮುಗಿಯುವುದಿಲ್ಲ. ಒಂದು ದಿನ ಜೋಯಿಡಾ ರಸ್ತೆಯ ತಿರುವಿನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಲಾರಿಯ ಮೂತಿ ಬಲಕ್ಕೆ ತಿರುಗಿತು, ಹಿಂದೆ ಚಾಚಿಕೊಂಡಿದ್ದ ಬಿದಿರಿನ ಬಾಲ ಎಡಕ್ಕೆ ಬೀಸಿತು. ಅಂಗಡಿಯ ಮುಂದಿನ ತಟ್ಟಿಯ ಚಪ್ಪರವನ್ನು ಹಾಗೇ ಗುಡಿಸಿಕೊಂಡು ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಂಗಡಿಯವನು ಕೈಯಲ್ಲಿ ಕಿಟಲಿ ಹಿಡಿದುಕೊಂಡು ಬಯಲಿನಲ್ಲಿ ನಿಂತಿದ್ದ. ಇಂಥ ತಿರುವನ್ನು ಎಷ್ಟು ಅಗಲ ಮಾಡಬೇಕು ಎಂಬ ಹುಳ ಅಂದು ನನ್ನ ತಲೆ ಹೊಕ್ಕಿತು.

ಅದೇ ವರ್ಷ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನೌಕರಿಯವರಿಗಾಗಿ ಶನಿವಾರ-ಭಾನುವಾರ ಉನ್ನತ ಓದಿನ ತರಗತಿ ಶುರುವಾಗಿತ್ತು. ವಿಷಯ, ರಸ್ತೆಗಳ ವಿನ್ಯಾಸ. ಹೆಸರು ಹಚ್ಚಿ ಬಂದು ಅವ್ವನಿಗೆ ಹೇಳಿದೆ. ಪೇಡೆ ಹಂಚುತ್ತಾಳೆಂದುಕೊಂಡಿದ್ದೆ. ಅವ್ವ ಹಣೆ ಹಣೆ ಬಡಿದುಕೊಂಡಳು.

“ಅಯ್ಯ ನಮ್ಮಪ್ಪಾ, ಮಾನಾ ಕಳದ್ಯಲ್ಲೋ! ಹಳಿಯಾಳದ ಬೀಗರಿಗೆ ನಾ ಏನಂತ ಹೇಳೇನಿ? ನನ್ನ ಮಗಾ ಓದೂದೆಲ್ಲಾ ಓದಿ ಮುಗಿಸ್ಯಾನ, ಇನ್ನ ಜಗತ್ತಿನ್ಯಾಗ ಅಂವಗ ಓದೂದು ಏನೂ ಉಳದಿಲ್ಲಂತ ಹೇಳೇನಿ. ಈಗ ಹೆಂಡ್ತಿ ಮಕ್ಕಳ ಕಟಿಗೊಂಡ ಸಾಲಿಗೆ ಹೊಂಟ್ರ, ನಪಾಸ ಆಗಿದ್ನೇನೋ ಅಂತಾರ!”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅವ್ವ ನನ್ನ ಮದುವೆಯನ್ನು ಒಂದೇ ಸುಳ್ಳಿನಲ್ಲಿ ಮುಗಿಸಿದ್ದಳು, ಅದನ್ನು ಕಾಪಾಡಿಕೊಳ್ಳುವುದು ಈಗ ಅವಳ ಮಾನದ ಪ್ರಶ್ನೆ. ಅಪ್ಪ ಹೋದ ಮೇಲೆ ಒಬ್ಬಳೇ ನನ್ನನ್ನು ಓದಿಸಿದ ಹೆಂಗಸು. ಆ ಜಂಬದ ಹಕ್ಕು ಅವಳಿಗಿತ್ತು. ಹೀಗಾಗಿ ಅವ್ವನೇ ಒಂದು ಉಪಾಯ ಹುಡುಕಿದಳು. ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ನಾನು ಬಸ್ಸು ಹತ್ತಿದ ಕೂಡಲೆ ಪಕ್ಕದ ಮನೆಯ ಗಂಗವ್ವನಿಗೆ, “ಹಲ್ಲಿನ ಔಷಧಕ್ಕ ಹುಬ್ಬಳ್ಳಿಗೆ ಹೋಗ್ಯಾನವಾ. ಭಾಳ ದಿನಾ ಹಿಡೀತೈತಂತ” ಎಂದಳು.

ಅಂದಿನಿಂದ ನಮ್ಮ ಸಾಲಿನ ಮನೆಗಳವರೆಲ್ಲ ನನ್ನ ಬಾಯಿಗೆ ಬಿದ್ದರು. ಗಂಗವ್ವ ಲವಂಗದ ಎಣ್ಣೆ ತಂದಳು. ಇನ್ನೊಬ್ಬರು ಜಾಲಿಯ ತೊಗಟೆ, ಮತ್ತೊಬ್ಬರು ಬೇವಿನ ಕಡ್ಡಿ. ಗಟ್ಟಿಮುಟ್ಟಾದ ಮೂವತ್ತೆರಡೂ ಹಲ್ಲಿಗೆ ನಾನು ದಿನಾ ಲವಂಗದ ಎಣ್ಣೆ ಹಚ್ಚಿಕೊಂಡು ವಾಸನೆ ಹೊಡೆಯುತ್ತಾ ಕಚೇರಿಗೆ ಹೋಗುತ್ತಿದ್ದೆ. ಯಾರ ಮನೆಗೆ ಹೋದರೂ ಎಲ್ಲರಿಗೂ ಚಕ್ಕುಲಿ ಬಂದರೆ ನನಗೆ ಬಟ್ಟಲಲ್ಲಿ ಗಂಜಿ. ಮಗ್ಗುಲಲ್ಲಿ ಶಾಂತಾ ಕಟುಂ ಕುಟುಂ ಎಂದು ಬೇಕೆಂದೇ ಸದ್ದು ಮಾಡಿ ತಿನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಹುಬ್ಬಳ್ಳಿಯ ಬಸ್ಸು ಹಳಿಯಾಳದ ಮೇಲೆ ಹೋಗಬೇಕು. ಹಳಿಯಾಳದ ಬಸ್‌ಸ್ಟ್ಯಾಂಡಿನ ಎದುರಿಗೇ ನಮ್ಮ ಮಾವನವರ ಬೆಲ್ಲದ ಅಂಗಡಿ. ಅವ್ವನ ಅಪ್ಪಣೆಯಂತೆ ಊರು ಇನ್ನೂ ದೂರವಿರುವಾಗಲೇ ನಾನು ಮಫ್ಲರು ತೆಗೆದು, ಗದ್ದದಿಂದ ನೆತ್ತಿಗೆ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದೆ. ಪ್ರತಿ ಶನಿವಾರ ಮಾವನವರು ಬಸ್ಸಿನ ಕಿಟಕಿಯ ಹತ್ತಿರ ಬಂದು ನಿಲ್ಲುವರು. ಬಿಳಿ ಟೋಪಿ, ಬೆಲ್ಲದ ಬಣ್ಣದ ಮೈ, ಸಾಧು ಮನುಷ್ಯ.

“ಹೆಂಗ ಐತ್ರಿ ಅಳ್ಯಾರ, ಬಾವು ಇಳದೈತೇನು?”

“ಸ್ವಲ್ಪ ಬರೋಬರಿ ಐತ್ರಿ ಮಾವಾ.”

“ಈ ಉದ್ದನ ಕೊಳವಿ ಯಾತಕ್ರಿ?”

ಅದು ನಕ್ಷೆಗಳನ್ನು ಸುತ್ತಿಡುವ ತಗಡಿನ ಕೊಳವೆ, ಮೊಳಕಾಲಿನಿಂದ ಗದ್ದದವರೆಗೆ ಬರುತ್ತಿತ್ತು. ಆ ಗಳಿಗೆಗೆ ಏನು ತೋಚಿತೋ ಅದನ್ನು ಹೇಳಿದೆ. “ಹಲ್ಲಿನ ಎಕ್ಸ್‌ರೇ ಇದರಾಗ ಇಟ್ಟಾರ್ರಿ.”

ಮಾವನವರು ಕೊಳವೆಯನ್ನು ನೋಡಿದರು, ನನ್ನ ಗದ್ದವನ್ನು ನೋಡಿದರು. “ಅಬಾಬಾಬಾ!” ಎಂದರು. ಆಮೇಲೆ ಕಣ್ಣು ತುಂಬಿಕೊಂಡು, “ಇದೆಲ್ಲಾ ನಮ್ಮಿಂದ ಆತ್ರಿ. ಮದುವಿ ಆದಾಗಿಂದ ಪೆಂಟಿ ಪೆಂಟಿ ಬೆಲ್ಲಾ ಕಳಿಸಿ ಕಳಿಸಿ ನಾನ ನಿಮ್ಮ ಹಲ್ಲ ಕೆಡಿಸಿದೆ” ಎಂದರು.

ಇದನ್ನು ನಾವು ಯಾರೂ ಎಣಿಸಿರಲಿಲ್ಲ. ಅಂದಿನಿಂದ ಹಳಿಯಾಳದ ಬೆಲ್ಲ ನಮ್ಮ ಮನೆಗೆ ಬರುವುದು ನಿಂತಿತು. ಅವ್ವನಿಗೆ ಹೋಳಿಗೆಯೆಂದರೆ ಪ್ರಾಣ, ಅದೂ ಬೀಗರ ಬೆಲ್ಲದ ಹೋಳಿಗೆ. ಹಬ್ಬದ ದಿನ ಪೇಟೆಯ ಬೆಲ್ಲದಲ್ಲಿ ಹೂರಣ ರುಬ್ಬುತ್ತಾ, “ಏನ್ ಬೆಲ್ಲನೋ, ಬರೇ ಉಪ್ಪು” ಎಂದು ಗೊಣಗುತ್ತಿದ್ದಳು. “ಖರೇ ಹೇಳಿ ಬಿಡೂಣೇನತ್ತಿ?” ಎಂದು ಶಾಂತಾ ಕೇಳಿದರೆ, “ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು, ಸುಮ್ನಿರು” ಎನ್ನುವಳು. ನನಗೆ ಬೆಲ್ಲದ ಚಿಂತೆಯಿರಲಿಲ್ಲ. ಆ ಒಳ್ಳೆಯ ಮನುಷ್ಯ ವಾರವಾರವೂ ನನ್ನ ಗದ್ದ ನೋಡಿ ಕೊರಗುವುದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಹಾಗೆಂದು ಓದಿನಲ್ಲಿ ಸುಖವಿರಲಿಲ್ಲವೆಂದಲ್ಲ. ಬಸ್ಸೇ ನನ್ನ ಪ್ರಯೋಗಶಾಲೆ. ತಿರುವಿನ ಹೊರಗಿನ ಅಂಚನ್ನು ಒಂದಿಷ್ಟು ಎತ್ತರಿಸಿದ್ದರೆ ಗಾಡಿಯೊಳಗಿನ ಜನ ನೆಟ್ಟಗೆ ಕೂಡುತ್ತಾರೆ, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಳಿಯಾಳ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಡೀ ಬಸ್ಸು, ಕೋಳಿಬುಟ್ಟಿ ಸಮೇತ, ನನ್ನ ಮೈಮೇಲೆ ಬರುತ್ತಿತ್ತು. ಆಹಾ, ಪುಸ್ತಕದಲ್ಲಿ ಹೇಳಿದ್ದು ಎಷ್ಟು ಖರೆ ಎಂದು ನಾನು ಖುಷಿಯಿಂದ ನಗುತ್ತಿದ್ದೆ. ಗದ್ದ ಕಟ್ಟಿಕೊಂಡು ಕೋಳಿಬುಟ್ಟಿಯ ಕೆಳಗೆ ಸಿಕ್ಕಿ ನಗುವವನನ್ನು ಕಂಡು ಜನ ಸ್ವಲ್ಪ ದೂರ ಸರಿದು ಕೂಡುತ್ತಿದ್ದರು.

ಕೊನೆಯ ವರ್ಷ ಒಂದು ಸ್ವಂತ ಅಧ್ಯಯನ ಮಾಡಿ ಒಪ್ಪಿಸಬೇಕು. ನಾನು ಬಿದಿರಿನ ಲಾರಿಯ ಬಾಲವನ್ನೇ ಹಿಡಿದೆ. ಹಲಗೆಗೆ ಗಾಲಿ ಬಡಿದು, ಹಿಂದಕ್ಕೆ ಕಸಬರಿಗೆಯ ಕಡ್ಡಿ ಕಟ್ಟಿ, ಅಡುಗೆಮನೆಯ ನೆಲದ ಮೇಲೆ ಸುಣ್ಣದಿಂದ ತಿರುವು ಬರೆದು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಕಡ್ಡಿಯ ಬಾಲ ಬೀಸಿ ಹಾಲಿನ ಚರಿಗೆ ಉರುಳಿತು. ಅವ್ವ ಎದ್ದು ಬಂದಳು. ಬೈಗುಳಕ್ಕೆ ಕಿವಿ ಮುಚ್ಚಿಕೊಂಡೆ. ಅವಳು ಸುಣ್ಣದ ಗೆರೆಯನ್ನೂ ಹಾಲು ಹರಿದ ಜಾಗವನ್ನೂ ನೋಡುತ್ತಾ ನಿಂತಳು. “ಅಂದ್ರ, ರಸ್ತೆ ಇಲ್ಲಿತನಾ ಅಗಲ ಇದ್ದಿದ್ರ ಹಾಲು ಉಳೀತಿತ್ತು, ಹೌದಿಲ್ಲೋ?” ಎಂದಳು. ಹೌದೆಂದೆ. “ಹಂಗಾರ ಇದು ಸಾಲಿ ಅಲ್ಲ ಬಿಡು, ಕೆಲಸಾನ ಐತಿ,” ಎಂದು ನೆಲ ಒರೆಸತೊಡಗಿದಳು.

ಆ ಅಧ್ಯಯನದ ಮೇಲೆ ಬಾಯಿಮಾತಿನ ಪರೀಕ್ಷೆ ನಡೆಯಬೇಕಿತ್ತು. ಪುಣೆಯಿಂದ ಪರೀಕ್ಷಕರು ಬರುವ ಭಾನುವಾರ ಗೊತ್ತಾಯಿತು. ಅದು ತಪ್ಪಿದರೆ ಮೂರು ವರ್ಷದ ಓದು ನೀರಿನಲ್ಲಿ ಹೋಮ. ಮರುವಾರವೇ ಹಳಿಯಾಳದ ಕಿಟಕಿಯಲ್ಲಿ ಮಾವನವರು ಹಿಗ್ಗಿ ಹಿಗ್ಗಿ ಹೇಳಿದರು: “ಸಣ್ಣ ಮಗಳ ನಿಶ್ಚಯ ಗೊತ್ತಾತ್ರಿ ಅಳ್ಯಾರ. ನನಗ ಗಂಡಮಕ್ಕಳಿಲ್ಲ, ಹಿರೇ ಅಳಿಯ ನೀವ ನನ್ನ ಮಗ್ಗಲಕ ಮಣಿ ಮ್ಯಾಲ ಕೂಡಬೇಕು. ನಿಮ್ಮ ಸಲುವಾಗಿ ಮೆತ್ತನ್ನ ಅಡಿಗಿ ಮಾಡಸ್ತೇನಿ.” ಮುಹೂರ್ತ ಅದೇ ಭಾನುವಾರ ಬೆಳಿಗ್ಗೆ.

ಮನೆಯಲ್ಲಿ ಶಾಂತಾ ಸಿಟ್ಟಾದಳು. “ನಾ ಹೇಳ್ತೇನ್ರಿ ನಮ್ಮಪ್ಪಗ. ಹೊಟ್ಟಿಗೆ ಹಾಕ್ಕೋತಾನ.” ಬೇಡವೆಂದೆ. ಶುಭಕಾರ್ಯದ ದಿನ, ಹೊಸ ಬೀಗರ ಎದುರಿಗೆ, ಅವ್ವ ಸುಳ್ಳುಗಾರ್ತಿ ಆಗುವುದೇ? ಡಿಗ್ರಿ ಹೋದರೆ ಹೋಗಲಿ ಎಂದೆ. ಹೇಳುವುದು ಸುಲಭವಾಗಿತ್ತು, ರಾತ್ರಿ ನಿದ್ದೆ ಬರಲಿಲ್ಲ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಡುವ ದಿನ ಬೆಳಿಗ್ಗೆ, “ಆ ಕೊಳವಿ ತಗೋ,” ಎಂದಳು. ಯಾಕೆಂದು ಕೇಳಿದರೆ, “ಬೀಗರು ಕೇಳ್ತಾರ, ತಗೋ” ಎಂದಳು.

ಮೊದಲ ಬಸ್ಸಿಗೆ ಹೊರಟೆವು. ಹಳಿಯಾಳದಲ್ಲಿ ಮಾವನವರು ಜರಿಯ ರುಮಾಲು ಸುತ್ತಿಕೊಂಡು, ನಾಲ್ಕು ಜನ ಹೊಸ ಬೀಗರ ಜೊತೆ ಬಸ್ಸಿಗೇ ಬಂದಿದ್ದರು. ಶಾಂತಾ ಮಗುವಿನ ಕೈ ಹಿಡಿದುಕೊಂಡು ಇಳಿದಳು. ನಾನು ಗದ್ದದ ಗಂಟು ಸರಿಮಾಡಿಕೊಂಡು ಎದ್ದೆ. ಅವ್ವ ನನ್ನ ಎದೆಗೆ ಕೈಯಿಟ್ಟು ಕೂಡಿಸಿದಳು. “ನೀ ಕೂಡು.” ತಾನು ಇಳಿದಳು. ನೆಲದ ಮೇಲೆ ನಿಂತು, ಸೆರಗು ಸರಿಮಾಡಿಕೊಂಡು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು:

“ಬೀಗರ, ನನ್ನ ಮಗನ ಹಲ್ಲಿಗೆ ಏನೂ ಆಗಿಲ್ಲರೀ. ಅಂವಾ ಹುಬ್ಬಳ್ಳ್ಯಾಗ ಸಾಲಿ ಕಲ್ಯಾಕತ್ತಾನ. ಇವತ್ತ ಅಂವಗ ಪರೀಕ್ಷೆ ಐತಿ. ಓದಿ ಮುಗಿಸ್ಯಾನಂತ ಹೇಳಿ ನಿಮ್ಮ ಮಗಳ್ನ ತಂದಾಕಿ ನಾನು. ಸುಳ್ಳು ಹೇಳಿದ್ದೆ. ಬೈಯೂದಿದ್ರ ನನಗ ಬೈರಿ, ಅಂವನ್ನ ಕಳಸ್ರಿ.”

ಬಸ್ಸಿನವರೆಲ್ಲ ಕಿಟಕಿಗೆ ಬಂದರು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತ. ಮಾವನವರು ಅವ್ವನ ಮುಖ ನೋಡಿದರು. ಆಮೇಲೆ ಕಿಟಕಿಗೆ ಬಂದು, ಒಂದು ಕೂಸು ಕೇಳಿದ ಹಾಗೆ ಕೇಳಿದರು.

“ಅಂದ್ರ ಅಳ್ಯಾರ, ನಮ್ಮ ಬೆಲ್ಲದಿಂದ ನಿಮ್ಮ ಹಲ್ಲ ಕೆಟ್ಟಿಲ್ಲೇನ್ರಿ?”

“ಇಲ್ಲರೀ ಮಾವಾ. ಒಂದೂ ಕೆಟ್ಟಿಲ್ಲ.”

“ತೋರಸ್ರಿ.”

ಮಫ್ಲರು ಬಿಚ್ಚಿ ಬಾಯಿ ತೆರೆದೆ. ಮಾವನವರು ಹಣಿಕಿ ನೋಡಿದರು, ಅವರ ಹಿಂದೆ ಹೊಸ ಬೀಗರೂ ನೋಡಿದರು. ನೋಡಿದ್ದೇ ತಡ, ಮಾವನವರು ರುಮಾಲು ಹಿಡಿದುಕೊಂಡು ಅಂಗಡಿಗೆ ಓಡಿದರು. ಒಂದು ದೊಡ್ಡ ಹೆಂಟೆ ಬೆಲ್ಲ ತಂದು ಕಿಟಕಿಯಲ್ಲಿ ನನ್ನ ಕೈಗೆ ತುರುಕಿದರು. “ತಿನ್ರಿ, ತಿನ್ಕೋತ ಹೋಗ್ರಿ! ಮೂರ ವರ್ಷದ್ದು ಬಾಕಿ ಐತಿ!” ಕಣ್ಣಲ್ಲಿ ನೀರು, ಬಾಯಲ್ಲಿ ನಗೆ. ಅವ್ವನ ಕಡೆ ತಿರುಗಿ, “ಬೀಗತಿಯವರ, ಓದು ಮುಗಿದಿಲ್ಲಂದ್ರ ಮಾನಾ ಹೋಗತೈತೇನ್ರಿ? ನಡೀರಿ, ಹೋಳಿಗಿ ಆರತಾವು,” ಎಂದರು. ನನ್ನ ಬದಲಿಗೆ ಮಣೆಯ ಮೇಲೆ ಯಾರು ಎಂಬ ಮಾತು ಬಂತು. ಶಾಂತಾ ಕಿಟಕಿಯಿಂದ ಮಫ್ಲರನ್ನು ಎಳೆದುಕೊಂಡಳು. ಆ ದಿನ ಹಿರಿಯ ಅಳಿಯನ ಮಣೆಯ ಮೇಲೆ ಲವಂಗದ ವಾಸನೆಯ ಮಫ್ಲರು ಕುಳಿತು, ಅರಿಸಿನ ಕುಂಕುಮ ಹಚ್ಚಿಸಿಕೊಂಡಿತಂತೆ.

ಪರೀಕ್ಷಕರು ಈ ಬಾಲದ ವಿಚಾರ ಎಲ್ಲಿಂದ ಬಂತೆಂದು ಕೇಳಿದರು. ಹಾಲಿನ ಚರಿಗೆಯ ಕತೆ ಹೇಳಿದೆ. ನಕ್ಕರು, ಪಾಸು ಮಾಡಿದರು. ಜೋಯಿಡಾ ರಸ್ತೆಯ ಆ ತಿರುವು ಮುಂದೆ ಅಗಲವಾಯಿತು, ಚಹಾದವನು ತಟ್ಟಿ ತೆಗೆದು ಹಂಚು ಹೊದಿಸಿದ. ಮಾವನವರು ಹೋಗಿ ಬಹಳ ಕಾಲವಾಯಿತು. ಅವ್ವನೂ ಇಲ್ಲ. ಜೀವಮಾನವೆಲ್ಲ ಕಟ್ಟಿಕೊಂಡಿದ್ದ ಜಂಬವನ್ನು ಅವಳು ನನಗಾಗಿ ಬಸ್‌ಸ್ಟ್ಯಾಂಡಿನ ಮಣ್ಣಿನಲ್ಲಿ ಇಳಿಸಿಟ್ಟಳಲ್ಲ, ಅದಕ್ಕೆ ನಾನು ಅವಳೆದುರು ಒಂದು ಒಳ್ಳೆಯ ಮಾತೂ ಆಡಲಿಲ್ಲ. ನಮ್ಮ ಕಡೆ ಅವ್ವಂದಿರಿಗೆ ಹಾಗೆಲ್ಲ ಹೇಳುವ ರೂಢಿಯಿಲ್ಲ, ನಿಮಗೂ ಗೊತ್ತು.

“ಈ ಹಲ್ಲು ಉಳಿಯೂದಿಲ್ಲರಿ ಅಜ್ಜಾರ. ಏನ ಮಾಡೂಣು?” ಎಂದರು ಡಾಕ್ಟರು. ಬೇಡಿಕೊಳ್ಳಲು ಹೋದವನು, ಅವ್ವ ಅಂದು ಬಸ್ಸಿನಿಂದ ಇಳಿದದ್ದು ನೆನಪಾಗಿ, “ತಗೀರಿ” ಎಂದೆ. ಶಾಂತಾ ಬೆರಗಾಗಿ ಎದ್ದು ನಿಂತಳು.

ಹೊರಗೆ ಚಳಿಗಾಳಿಯಿತ್ತು. ಬಾಯಲ್ಲಿ ಹತ್ತಿ. ಶಾಂತಾ ಮಫ್ಲರನ್ನು ನನ್ನ ಗದ್ದದಿಂದ ನೆತ್ತಿಗೆ ಸುತ್ತಿ ಗಂಟು ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, “ಹುಬ್ಬಳ್ಳಿ ಬಸ್ಸು ಬಂತ್ರಿ, ಹೋಗೂಣು?” ಎಂದಳು. ನಗಲು ಹೋದೆ, ಕಣ್ಣಲ್ಲಿ ನೀರು ಬಂತು. ಹತ್ತಿಯ ಸಂದಿಯಿಂದಲೇ ಹೇಳಿದೆ, “ಅವ್ವಾ, ನಿನ್ನ ಮಾತು ಖರೇ ಆತು ನೋಡು. ಹಲ್ಲಿನ ಔಷಧಕ್ಕ ಬಂದೇನಿ.”

“ಏನಂದ್ರಿ?” ಎಂದಳು ಶಾಂತಾ.

“ಏನಿಲ್ಲ. ಮನ್ಯಾಗ ಬೆಲ್ಲಾ ಐತಿಲ್ಲೋ?”