ಅಪ್ಪನ ಮಧ್ಯಾಹ್ನದ ಶಿವಯೋಗ

ನಮ್ಮ ಮನೆಯಲ್ಲಿ ಗಂಡಸು ಗೊರಕೆ ಹೊಡೆದರೆ ಶಿವಯೋಗ, ಹೆಂಗಸು ಹೊಡೆದರೆ ಮಾನಗೇಡಿತನ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಆದರೆ ನಾನು ಬೆಳೆದದ್ದು ಈ ಕಾನೂನಿನ ಕೆಳಗೇ.

ಅಪ್ಪನಿಗೆ ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿಯಿತ್ತು. ಮಧ್ಯಾಹ್ನ ಮನೆಗೆ ಬಂದು ಜೋಳದ ರೊಟ್ಟಿ ಉಂಡು, ಅಂಗಿ ಕಳಚಿ ಪಡಸಾಲೆಯ ಗಾದಿಯ ಮೇಲೆ ಅಂಗಾತ ಮಲಗುತ್ತಿದ್ದ. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಶಿವದಾರದಲ್ಲಿ ಜಾರಿ ಎದೆಯ ನಡುವೆ ಬಂದು ಕೂರುತ್ತಿತ್ತು. ಅವನ ಗೊರಕೆ ಓಣಿಯ ತುದಿಗೆ ಕೇಳುತ್ತಿತ್ತು, ಅದರ ಜೊತೆ ಕರಡಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಒಮ್ಮೆಲೇ ಎಲ್ಲ ನಿಂತುಬಿಡುತ್ತಿತ್ತು. ಗೊರಕೆಯಿಲ್ಲ, ಕರಡಿಗೆ ಅಲುಗುವುದಿಲ್ಲ. ನಾನು ಬಾಗಿಲ ಬಳಿ ಕೂತು ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದೆ. ನನಗೆ ಉಸಿರುಕಟ್ಟಿ ಬಂದು ನಾನು ಉಸಿರು ಬಿಟ್ಟರೂ ಅಪ್ಪ ಬಿಡುತ್ತಿರಲಿಲ್ಲ. ಕೊನೆಗೆ ಬಾವಿಯಲ್ಲಿ ಮುಳುಗಿ ಎದ್ದವನಂತೆ ಗಟ್ಟಿಯಾಗಿ ಉಸಿರೆಳೆದು ಮಗ್ಗುಲಾಗುತ್ತಿದ್ದ.

ಇದಕ್ಕೆ ಶಿವಯೋಗ ಎಂದು ಹೆಸರಿಟ್ಟವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿನಲ್ಲೇ ಉಳಿದಿದ್ದ ನನ್ನ ಆ ಅತ್ತೆ ಪೂಜೆ ಮುಗಿಯದೆ ಹನಿ ನೀರು ಕುಡಿಯುತ್ತಿರಲಿಲ್ಲ. ತಮ್ಮ ಪುಣ್ಯಾತ್ಮ, ನಿದ್ದೆಯಲ್ಲೇ ಪ್ರಾಣವನ್ನು ಲಿಂಗದಲ್ಲಿಟ್ಟು ಬರುತ್ತಾನೆ ಎಂದು ಅವಳು ಹೇಳಿದ್ದೇ ತಡ, ಓಣಿಯ ಜನ ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಬಂದು ಮಲಗಿದವನಿಗೆ ಕೈಮುಗಿದು ಹೋಗತೊಡಗಿದರು. ಎದ್ದ ಮೇಲೆ ಅಪ್ಪನಿಗೆ ತಲೆಶೂಲೆ, ಸಿಡಿಮಿಡಿ, ಅಂಗಡಿಯಲ್ಲಿ ಕೂತಲ್ಲೇ ತೂಕಡಿಕೆ. ಇಷ್ಟು ದಣಿದ ಯೋಗಿಯನ್ನು ಯಾರಾದರೂ ಕಂಡಿದ್ದೀರಾ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಅವ್ವ ಮಾತ್ರ ಕೈಮುಗಿಯುತ್ತಿರಲಿಲ್ಲ. ಮೊರದಲ್ಲಿ ಕಾಳು ಹಸನು ಮಾಡುತ್ತ ಅಪ್ಪನ ಕಾಲ ಬಳಿ ಕೂರುತ್ತಿದ್ದಳು. ಕರಡಿಗೆ ನಿಂತಾಗ ಅವಳ ಎಡಗೈ ಮೊರ ಬಿಟ್ಟು ಹೋಗಿ ಅಪ್ಪನ ಹೆಬ್ಬೆರಳನ್ನು ಅದುಮುತ್ತಿತ್ತು. ಅಪ್ಪ ಉಸಿರೆಳೆಯುತ್ತಿದ್ದ, ಕೈ ಮತ್ತೆ ಕಾಳಿಗೆ ಬರುತ್ತಿತ್ತು. ಅದನ್ನು ನಾನು ಪಾದಸೇವೆ ಅಂದುಕೊಂಡಿದ್ದೆ. ಅತ್ತೆ ಒಂದು ದಿನ ಅದನ್ನು ನೋಡಿ, ಬಂದವರ ಎದುರಿಗೇ ಅವ್ವನನ್ನು ತಡೆದಳು.

"ಮುಟ್ಟಬ್ಯಾಡ. ಯೋಗದಾಗ ಇದ್ದವರನ್ನ ಎಬ್ಬಿಸಿದ್ರ ಪಾಪ ಹತ್ತತದ."

ಅವ್ವ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಆ ಹೊತ್ತಿನಲ್ಲಿ ಅವಳು ಪಡಸಾಲೆಗೆ ಬಂದದ್ದನ್ನು ನಾನು ಕಾಣಲಿಲ್ಲ.

ನಾನು ಮದುವೆಯಾಗಿ ಹುಮನಾಬಾದಿಗೆ ಬಂದ ಸ್ವಲ್ಪ ಕಾಲಕ್ಕೆ ಅಪ್ಪನ ಕರಡಿಗೆ ನಿಂತದ್ದು ಮತ್ತೆ ಅಲುಗಲಿಲ್ಲ. ಅತ್ತೆ ಪಕ್ಕದಲ್ಲೇ ಕೂತಿದ್ದಳಂತೆ, ಕೈಮುಗಿದುಕೊಂಡು, ಬಹಳ ಹೊತ್ತು. ಕಾಲು ತಣ್ಣಗಾದ ಮೇಲೆ ಜನರನ್ನು ಕರೆದಳಂತೆ. ನಾನು ಹೋಗುವಷ್ಟರಲ್ಲಿ ಅಪ್ಪನನ್ನು ಕೂರಿಸಿ ವಿಭೂತಿ ಹಚ್ಚಿ ಹೂವಿನಲ್ಲಿ ಮುಚ್ಚಿದ್ದರು, ಭಜನೆ ನಡೆದಿತ್ತು. ಇಂಥ ಸಾವಿಗೆ ಅಳಬಾರದು ಎಂದು ನನ್ನ ಬಾಯಿ ಮುಚ್ಚಿಸಿದರು. ರಾಜೇಶ್ವರದ ದಾರಿಯ ನಮ್ಮ ಹೊಲದಲ್ಲಿ ಗದ್ದುಗೆಯಾಯಿತು. ಅಂದಿನಿಂದ ಅವ್ವ ಯೋಗಿಯ ಹೆಂಡತಿ. ಹೊಸ ಸೊಸೆಯಂದಿರು ಅವಳ ಕಾಲಿಗೆ ಬಿದ್ದು ಹೋಗುತ್ತಾರೆ. ನನಗೆ ಉಳಿದದ್ದು ಒಂದು ಕೆಟ್ಟ ಚಾಳಿ: ಯಾರೇ ಮಲಗಿರಲಿ, ಎದೆ ಅಲುಗುವುದನ್ನು ನೋಡದೆ ಆ ಕೋಣೆ ದಾಟಲಾರೆ. ಬಸ್ಸಿನಲ್ಲಿ ಪಕ್ಕದವರು ನಿದ್ದೆಹೋದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಹುಮನಾಬಾದಿನಲ್ಲಿ ನಾನೂ ನನ್ನ ಗಂಡನೂ ಹಿಟ್ಟಿನ ಗಿರಣಿ ನಡೆಸುತ್ತೇವೆ. ಹೋದ ವರ್ಷ ದುಬಲಗುಂಡಿಯಿಂದ ಬಂದವರ ಜೋಳ ಸುರಿಯುತ್ತಿದ್ದಾಗ ಎದೆಯೊಳಗೆ ಏನೋ ಹಾದಿ ತಪ್ಪಿತು. ಗಿರಣಿಯ ಪಟ್ಟಾ ಜಾರಿದಾಗ ಕಲ್ಲು ಒಮ್ಮೆ ಓಡಿ ಒಮ್ಮೆ ತಡವರಿಸುತ್ತದಲ್ಲ, ಹಾಗೆ. ಚೀಲದ ಮೇಲೆ ಕುಸಿದು ಕೂತೆ. ಊರಿನ ದವಾಖಾನೆಯಲ್ಲಿ ಇಸಿಜಿ ತೆಗೆದು, ಗೆರೆಗಳ ನಡುವಿನ ಅಂತರ ಒಂದರಂತೆ ಒಂದಿಲ್ಲ ಎಂದು ತೋರಿಸಿ ಕಲಬುರಗಿಗೆ ಕಳಿಸಿದರು.

ಕಲಬುರಗಿಯ ಡಾಕ್ಟರು ನನ್ನ ಮಗಳ ವಯಸ್ಸಿನವಳು. ಗೊರಕೆ ಹೊಡೆಯುತ್ತೀರಾ ಎಂದು ಕೇಳಿಯೇಬಿಟ್ಟಳು. ಎದೆ ತೋರಿಸಲು ಬಂದವಳಿಗೆ ಗೊರಕೆಯ ಮಾತೇಕೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲ ಎಂದೆ. ಪಕ್ಕದಲ್ಲಿದ್ದ ಗಂಡ ತಲೆ ಕೆರೆದುಕೊಂಡು, "ಗಿರಣಿ ಬಂದ್ ಮಾಡಿದ್ರೂ ನಮ್ಮನ್ಯಾಗ ಗಿರಣಿ ನಡೀತದ್ರಿ" ಅಂದ. ನಗೆಯಾಡುತ್ತಲೇ ಅವನು ಇನ್ನೊಂದನ್ನೂ ಹೇಳಿದ. ನಡುನಡುವೆ ಸದ್ದು ನಿಂತಾಗ ತನಗೆ ಹೆದರಿಕೆಯಾಗಿ ನನ್ನನ್ನು ಅಲುಗಿಸುತ್ತಾನಂತೆ, ಬಹಳ ವರ್ಷಗಳಿಂದ. ಆ ಮಾತು ಕೇಳಿ ಅಪ್ಪ ನನ್ನೊಳಗೇ ಮಲಗಿದ್ದಾನೆ ಅನ್ನಿಸಿತು.

ಒಂದು ರಾತ್ರಿ ಮೈಗೆ ತಂತಿ ಹಚ್ಚಿ ನಿದ್ದೆಯ ಪರೀಕ್ಷೆ ಮಾಡಿದರು. ಮರುದಿನ ಆ ಡಾಕ್ಟರು ಬಿಡಿಸಿ ಹೇಳಿದಳು. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಗಾಳಿಯ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರ್ಧ ಎಬ್ಬಿಸುತ್ತದೆ, ಅಷ್ಟು ಹೊತ್ತು ಮಂದವಾಗಿದ್ದ ಹೃದಯ ದಡಬಡಿಸಿ ಓಡುತ್ತದೆ. ಮಲಗಿದವರಿಗೆ ಇದರ ನೆನಪೂ ಇರುವುದಿಲ್ಲ. ದಿನಾ ಹೀಗೇ ಆಗಿ ವರ್ಷಗಳು ಕಳೆದರೆ ಹೃದಯದ ಮೇಲಿನ ಕೋಣೆಗಳು ಹಿಗ್ಗಿ ತಾಳ ತಪ್ಪಬಹುದು. ಆಗ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಗುಳಿಗೆ ಬೇಕೇ ಬೇಕು, ಅದರ ಜೊತೆಗೆ ಮಲಗಿದಾಗಲೆಲ್ಲ ಗಾಳಿ ಊದುವ ಮಶೀನೂ ಬೇಕು ಅಂದಳು. ಕೊನೆಗೆ, ಮನೆಯಲ್ಲಿ ಯಾರಾದರೂ ನಿದ್ದೆಯಲ್ಲಿ ಸತ್ತಿದ್ದಾರಾ ಎಂದು ಕೇಳಿದಳು.

"ಇಲ್ರಿ," ಅಂದೆ. ನಮ್ಮಲ್ಲಿ ಯಾರು ಸಾಯುತ್ತಾರೆ, ಎಲ್ಲರೂ ಲಿಂಗೈಕ್ಯರಾಗುತ್ತಾರೆ.

ಮಶೀನು ಮನೆಗೆ ಬಂತು. ಮೂಗಿಗೆ ಮುಖವಾಡ, ಅದಕ್ಕೊಂದು ಉದ್ದನೆಯ ಕೊಳವೆ. ಮಲಗಿದ ಗಣಪತಿ ಎಂದು ಗಂಡ ಛೇಡಿಸಿದ. ನಾನು ಅದನ್ನು ಡಬ್ಬಿಯ ಸಮೇತ ಅಟ್ಟಕ್ಕೆ ಏರಿಸಿದೆ. ಕಾರಣ ನಾಚಿಕೆಯಲ್ಲ. ಅದನ್ನು ಹಾಕಿಕೊಂಡರೆ ಅಪ್ಪನದು ರೋಗ ಎಂದು ಒಪ್ಪಿದಂತೆ. ಎಂಬತ್ತು ದಾಟಿದ ಅವ್ವ ಬಸವಕಲ್ಯಾಣದ ಹಳೆಯ ಮನೆಯಲ್ಲೇ ನನ್ನ ತಮ್ಮನ ಜೊತೆ ಆ ಯೋಗವನ್ನೇ ನೆಚ್ಚಿ ಬದುಕಿದ್ದಾಳೆ, ಅವಳ ಕೈಯಿಂದ ಅದನ್ನು ಹೇಗೆ ಕಿತ್ತುಕೊಳ್ಳಲಿ? ಕೊನೆಗೆ ಎದೆ ಇನ್ನೊಮ್ಮೆ ಹಾದಿ ತಪ್ಪಿದಾಗ ಗಂಡ ಮಶೀನನ್ನು ಅಟ್ಟದಿಂದ ಇಳಿಸಿದ. ಹುಮನಾಬಾದಿನಲ್ಲಿ ಹಾಕಿಕೊಳ್ಳತೊಡಗಿದೆ. ತವರಿಗೆ ಹೋಗುವಾಗ ಮಾತ್ರ ಬಿಟ್ಟುಹೋಗಿ, ಅಲ್ಲಿ ಕಣ್ಣು ಮುಚ್ಚದೆ ಹೊತ್ತು ಕಳೆದು ಬರುತ್ತಿದ್ದೆ.

ಈ ಸಲ ಅಪ್ಪನ ಪುಣ್ಯಸ್ಮರಣೆಗೆ ಹೊರಟಾಗ ಗಂಡ ಮಶೀನನ್ನು ನನ್ನ ಚೀಲದ ಸೀರೆಗಳ ಕೆಳಗೆ ತುರುಕಿದ್ದ. ಗದ್ದುಗೆಗೆ ಹೂವೇರಿಸಿ, ಗೋಧಿ ಹುಗ್ಗಿ ಉಂಡು ನಾನೂ ಅವ್ವನೂ ಮೊದಲೇ ಮನೆಗೆ ಬಂದೆವು. ಹುಗ್ಗಿ ಉಂಡ ಮೈ, ನಿದ್ದೆ ತಡೆಯಲಾಗಲಿಲ್ಲ. ತಮ್ಮನ ಮನೆಯವರು ಇನ್ನೂ ಹೊಲದಲ್ಲಿದ್ದರು, ಅವ್ವನಿಗೆ ಒಳಗೆ ನಿದ್ದೆ ಹತ್ತಿತ್ತು. ಅದೇ ಪಡಸಾಲೆಯಲ್ಲಿ ಮುಖವಾಡ ಬಿಗಿದುಕೊಂಡು ಮಲಗಿದೆ.

ಎಚ್ಚರವಾದದ್ದು ಕಾಲಿನ ಹೆಬ್ಬೆರಳಿಗೆ. ಯಾರೋ ಅದನ್ನು ಮೆಲ್ಲಗೆ ಹಿಡಿದಿದ್ದರು. ಒಂದು ಗಳಿಗೆ ನಾನು ಯಾರು, ಮಲಗಿದವರು ಯಾರು ಎಂಬುದೇ ತಿಳಿಯಲಿಲ್ಲ. ಎದ್ದು ನೋಡಿದರೆ ಅವ್ವ ನನ್ನ ಕಾಲ ಬಳಿ ಕೂತಿದ್ದಾಳೆ. ನಾನು ಮುಖವಾಡ ಕಳಚಿದೆ.

"ಇದು ಹಾಕ್ಕೊಂಡ್ರ ಉಸಿರು ನಿಂದರಂಗಿಲ್ಲೇನ?"

"ಇಲ್ಲವ್ವ."

"ಹಂಗಾರ ನಿಮ್ಮಪ್ಪಂದೂ ಇದೇ ಬೇಮಾರಿ."

ಎಷ್ಟೋ ದಿನಗಳಿಂದ ಕಾಯ್ದಿಟ್ಟುಕೊಂಡ ಸುಳ್ಳನ್ನು ಹೇಳಿದೆ. ಅಪ್ಪನದು ಬೇರೆ, ಅದು ಯೋಗವೇ, ನನ್ನದು ಮೈ ಬಂದದ್ದರಿಂದ ಎಂದೆ. ಅವ್ವ ಪೂರ್ತಿ ಕೇಳಿದಳು. ಅವಳ ಕೈ ಬೆರಳನ್ನು ಬಿಟ್ಟಿರಲಿಲ್ಲ.

"ಯೋಗ ಇದ್ದಿದ್ರ ನನ್ನ ಕೈಗಿ ಯಾಕ ತಿರುಗಿ ಬರ್ತಿದ್ರು?" ಅಂದಳು. "ಹಿಡದಷ್ಟು ದಿನ ಇದ್ರು. ನಿಮ್ಮತ್ತಿ ಬ್ಯಾಡ ಅಂದಳು, ಬಿಟ್ಟೆ. ಹೋದ್ರು. ನಂಗ ಆವತ್ತೇ ಗೊತ್ತಾಗಿತ್ತು."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಊರೆಲ್ಲ ಕೈಮುಗಿದು ನಿಂತಿತ್ತು, ಯಾರಿಗೆ ಹೇಳಲಿ ಅಂದಳು. ಇಷ್ಟು ವರ್ಷ ಯೋಗಿಯ ಹೆಂಡತಿ ಎಂದು ಕಾಲಿಗೆ ಬಿದ್ದವರನ್ನೆಲ್ಲ ಅವಳು ಇದನ್ನು ಎದೆಯಲ್ಲಿಟ್ಟುಕೊಂಡೇ ಹರಸಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅಂದು ಅಪ್ಪನಿಗಾಗಿ ಅಳಲು ಬಿಡದೆ ಉಳಿದದ್ದೂ ಅದರೊಂದಿಗೆ ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ: ಅಷ್ಟು ಹೊತ್ತಿಗೆ ಅಪ್ಪನ ಹೃದಯವೇ ಸೋತಿರಬಹುದು, ಬೆರಳು ಅದುಮಿದರೆ ಅದು ಸರಿಹೋಗುವಂಥದ್ದಲ್ಲ, ನಿನ್ನ ತಪ್ಪಿಲ್ಲ.

"ಬೆರಳು ಹಿಡಕೊಂಡು ಎಷ್ಟು ದಿನ ಕಾಯ್ತಿದ್ದಿ, ಅವ್ವ?"

"ಕೈ ಇರೋ ತನಕ."

ಅಷ್ಟೇ ಅಂದಳು, ಸಿಟ್ಟಿಲ್ಲದೆ. ಆಮೇಲೆ ಮುಖವಾಡವನ್ನು ಜಾತ್ರೆಯ ಆಟಿಕೆಯಂತೆ ತಿರುವಿ ತಿರುವಿ ನೋಡಿ ನನ್ನ ಕೈಗಿಟ್ಟಳು. ಹಾಕಿಕೊಂಡು ಇನ್ನೊಂದು ಜಂಪು ತೆಗೆ ಅಂದಳು. ನಿದ್ದೆ ಹಾರಿಹೋಗಿದೆ ಎಂದರೆ ಕೇಳಲಿಲ್ಲ.

"ಮಲ್ಕೋ. ಕರೆಂಟ್ ಹೋದ್ರ ನಾ ಇದ್ದೇನಿ."

ಅವಳು ಮತ್ತೆ ಕಾಲ ಬಳಿ ಸರಿದು ಹೆಬ್ಬೆರಳು ಹಿಡಿದಳು. ನಾನು ಮುಖವಾಡ ಬಿಗಿದುಕೊಂಡು ಅಂಗಾತ ಮಲಗಿ, ನನ್ನ ಕೊರಳಿನ ಕರಡಿಗೆಯನ್ನು ಎದೆಯ ಸೆರಗಿನ ಮೇಲೆ ತೆಗೆದಿಟ್ಟೆ. ಅವ್ವನ ಕಣ್ಣು ಅದರ ಮೇಲೆ ನೆಟ್ಟಿತ್ತು. ಅವಳಿಗೆ ಕಾಣಲಿ ಎಂದು ಉಸಿರನ್ನು ತುಸು ಜೋರಾಗಿಯೇ ಎಳೆದೆ.