ಜನರೇಟರ್ ಗುಂಡಿಯಲ್ಲಿ ಕುರ್ಚಿ

ನಮ್ಮ ಅಕ್ಕೋರ ಬಲ ಅಂಗೈ ಸುಣ್ಣ ತಿಂದು ಬಿರಿದಿತ್ತು. ಯಾರ ಮನೆಗೆ ಹೋದರೂ, ಕೊಟ್ಟ ನೀರು ಕುಡಿಯುವ ಮೊದಲು, ಆ ಅಂಗೈಯನ್ನು ಪಡುವಣ ಗೋಡೆಗೆ ಒತ್ತಿ ನೋಡುತ್ತಿದ್ದರು. ಕಮರಿಪೇಟೆಯಲ್ಲಿ ನಮ್ಮ ಮಾವ ಹೊಸ ಮನೆ ಕಟ್ಟಿಸಿ ಪ್ರೀತಿಯಿಂದ ಕರೆದರೆ, "ಗ್ವಾಡಿ ಹಂಚಿನಂಗ ಕಾದೈತಲ್ರಿ, ಇದರ ಮ್ಯಾಲೆ ರೊಟ್ಟಿ ಬೇಯಸ್ತೀರೇನು?" ಎಂದುಬಿಟ್ಟರು. ಮಾವ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಧಾರವಾಡದ ಕಾಲೇಜಿನಲ್ಲಿ ನಮಗೆ ಕಟ್ಟಡ ಕಟ್ಟುವುದನ್ನು ಕಲಿಸಿದವರು ಅವರು. ಊರೆಲ್ಲ ಮೇಡಂ ಎಂದರೂ ನನಗೆ ಅಕ್ಕೋರೇ. ನೌಕರಿ ಬಿಟ್ಟು ಸ್ವಂತ ಕಚೇರಿ ತೆರೆದಾಗ ನನ್ನನ್ನೂ ಕರೆದುಕೊಂಡರು.

ಊರಿನಿಂದ ಬಹಳ ದೂರ, ಕರೆಂಟಿನ ಕಂಬವೂ ಇಲ್ಲದ ಹುಲ್ಲುಗಾವಲಿನ ಅಂಚಿನಲ್ಲಿ, ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಬರುವವರಿಗಾಗಿ ಒಂದು ಕೇಂದ್ರ ಕಟ್ಟುವ ಕೆಲಸ ಅರಣ್ಯ ಇಲಾಖೆಯಿಂದ ನಮಗೆ ಬಂತು. ಅಲ್ಲಿಯದೇ ಮಣ್ಣಿನ ಇಟ್ಟಿಗೆ, ಮೊಳ ದಪ್ಪದ ಗೋಡೆ, ಬಿಸಿ ಗಾಳಿ ಹೊರಗೆ ಹೋಗಲು ಮೇಲೆ ಬೆಳಕಿಂಡಿ, ಸುತ್ತ ಅಗಲ ಪಡಸಾಲೆ. ದೀಪಕ್ಕೂ ಪಂಪಿಗೂ ಸೋಲಾರ್. ಏಸಿಯೇ ಬೇಕಾಗದಂತೆ ಕಟ್ಟಿದ್ದೆವು. ಅಲ್ಲ, ಬಿಸಿಲಿನ ನಾಡಿನಲ್ಲಿ ಗಾಜಿನ ಗೋಡೆ ಕಟ್ಟಿ, ಒಳಗೆ ಏಸಿ ಹಚ್ಚಿಕೊಂಡು ಕೂರುವುದು ಯಾವ ಸೀಮೆಯ ಜಾಣತನ?

ಉದ್ಘಾಟನೆ ಹತ್ತಿರ ಬಂದಂತೆ ಇಲಾಖೆಯ ಸಾಹೇಬರಿಗೆ ದಿಗಿಲು ಹತ್ತಿತು. ದೊಡ್ಡವರು ಕೂರುವ ಕೋಣೆಗೆ ಏಸಿ ಬೇಕು, ಏಸಿಗೆ ಜನರೇಟರ್ ಬೇಕು. ನಮ್ಮನ್ನು ಕೇಳದೆ ಹಿತ್ತಲಲ್ಲಿ ಅದರ ಅಡಿಪಾಯಕ್ಕೆ ಗುಂಡಿಯನ್ನೂ ತೋಡಿಸಿಬಿಟ್ಟರು.

"ದೊಡ್ಡವರು ಬೆವರಬಾರದ್ರಿ ಮೇಡಂ" ಎಂದರು ಸಾಹೇಬರು.

"ಬೆವರಿದ್ರ ಕರಗತಾರೇನ್ರಿ?" ಎಂದರು ಅಕ್ಕೋರು. "ಚಿಗರಿ ನೋಡಾಕ ಬಂದವರು ಜನರೇಟರ್ ಸಪ್ಪಳಾ ಕೇಳಿ ಹೋಗಬೇಕೇನು? ಆ ಸಪ್ಪಳಕ್ಕ ಚಿಗರಿ ನಿಲ್ತಾವೇನು?"

ಮರುದಿನ ಕಾಂಕ್ರೀಟ್ ಕಲಸುವ ಹೊತ್ತಿಗೆ ಅವರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗುಂಡಿಗೆ ಇಳಿಸಿ, ಕೊಡೆ ಬಿಚ್ಚಿ ಕೂತುಬಿಟ್ಟರು. ಅಲ್ಲೇ ನಕ್ಷೆ ತಿದ್ದಿದರು, ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದರು.

"ಏಳ್ರಿ ಮೇಡಂ. ಇಲ್ಲಾಂದ್ರ ನಮ್ಮ ಇಲಾಖೆದಾಗ ಇನ್ನ ನಿಮಗ ಒಂದು ಕೆಲಸಾನೂ ಸಿಗೂದಿಲ್ಲ ನೋಡ್ರಿ" ಎಂದು ಸಾಹೇಬರು ಹೆದರಿಸಿದರು.

"ಬ್ಯಾಡ್ರಿ. ಈ ಕೆಲಸಾ ಕೆಡಸಬ್ಯಾಡ್ರಿ, ಅಷ್ಟ ಸಾಕು."

ಸಂಜೆಗೆ ಕಲಸಿದ್ದೆಲ್ಲ ಗಟ್ಟಿಯಾಗಿ ಹೋಯಿತು. ಸಾಹೇಬರು ಸೋತು, ಗುಂಡಿ ಮುಚ್ಚುವ ಮಣ್ಣು ತರಿಸಿದ ಮೇಲೆಯೇ ಅಕ್ಕೋರು ಮೇಲೆ ಬಂದದ್ದು.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಆಮೇಲೆ ಆ ಇಲಾಖೆಯ ಕೆಲಸ ಒಂದೂ ಬರಲಿಲ್ಲ. ಕಚೇರಿಯಲ್ಲಿ ನೊಣ ಹೊಡೆಯುತ್ತ ಕೂತ ದಿನಗಳಿದ್ದವು. ನಾನು ಗೊಣಗಿದ್ದುಂಟು, ಅವರು ಒಮ್ಮೆಯೂ ಇಲ್ಲ.

ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಂದಿನ ದಿನ ನನ್ನನ್ನು ಹತ್ತಿರ ಕರೆದು, ಕಿಟಕಿ ತೋರಿಸಿ, "ಈ ಕಿಡಕಿ ತೆಗಿಯಾಕ ಬರೂದಿಲ್ಲಂತ. ಯಾರು ಕಟ್ಯಾರ ಇದನ್ನ?" ಎಂದು ಸಿಟ್ಟಾದರು. ನಾನು ನಕ್ಕೆ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅತ್ತೆ.

ಈಗ ಕಚೇರಿ ನಾನು ನಡೆಸುತ್ತೇನೆ. ಮೊನ್ನೆ ಇಲಾಖೆಯ ಹೊಸ ಸಾಹೇಬರು ಬಂದಿದ್ದರು. ಆ ಕೇಂದ್ರದ ಪಡಸಾಲೆಗೆ ಗಾಜು ಹಾಕಿ, ಏಸಿ ಕೂರಿಸಿ, ಹಿತ್ತಲಲ್ಲಿ ಜನರೇಟರ್ ಇಡುತ್ತಾರಂತೆ. ಅದಕ್ಕೆ ನಕ್ಷೆ ಮಾಡಿದವರ ಒಪ್ಪಿಗೆ ಬೇಕಂತೆ. ಒಪ್ಪಿದರೆ ನಿಂತುಹೋದ ಕೆಲಸಗಳು ಮತ್ತೆ ಬರುತ್ತವೆ ಎಂದು ಆಸೆಯನ್ನೂ ತೋರಿಸಿದರು. ನಾನು ಆಗುವುದಿಲ್ಲ ಎಂದೆ.

"ನಿಮ್ಮ ಮೇಡಂ ಹೋದ್ರಲ್ರಿ" ಎಂದರು ಅವರು. "ಇನ್ನ ಬ್ಯಾಡ ಅನ್ನಾಕ ಯಾರು ಅದಾರ?"

"ನಾ ಅದೀನ್ರಿ" ಎಂದೆ.