ಅಜ್ಜಿಯ ಹೆಸರು ತೆಗೆಸಿದ್ದು ನಾನು

ಹೊಸಹಳ್ಳಿಯ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಅಮ್ಮ, ಅಜ್ಜಿ, ನಾನು. ಒಂದು ಬೇಸಿಗೆಯಲ್ಲಿ ಬೋರ್ ಬತ್ತಿತು. ಮನೆಗೆ ಮೂರೇ ಜನ ಇರಬೇಕು, ಇಲ್ಲದಿದ್ದರೆ ಖಾಲಿ ಮಾಡಿ ಎಂದರು ಮೇಲಿನ ಮನೆಯ ಓನರ್. ಅಜ್ಜಿಯನ್ನು ಕೆಂಗೇರಿಯ ಅತ್ತೆ ಮನೆಗೆ ಕಳಿಸಿದೆವು ಎಂದು ಸುಳ್ಳು ಹೇಳಿದೆವು. ಅಜ್ಜಿ ಒಳಗೇ ಇದ್ದಳು. ಓನರ್ ಇದ್ದಾಗ ಹೊರಗೆ ಬರುತ್ತಿರಲಿಲ್ಲ.

ಆಮೇಲೆ ಒಂದು ದಿನ ಅಂಗನವಾಡಿ ಟೀಚರ್ ವೋಟರ್ ಲಿಸ್ಟ್ ಹಿಡಿದು ಬಂದರು. ಓನರ್ ಮೆಟ್ಟಿಲ ಮೇಲೆ ನಿಂತಿದ್ದರು.

"ಈ ಮನೇಲಿ ನಾಲ್ಕು ಹೆಸರಿದೆ. ಎಲ್ರೂ ಇದೀರಾ?"

"ಮೂರು ಜನ ಮೇಡಂ. ಅಜ್ಜಿ ಕೆಂಗೇರಿಗೆ ಹೋದ್ರು."

"ವಾಪಸ್ ಬರಲ್ವಾ?"

ಓನರ್ ನನ್ನನ್ನೇ ನೋಡುತ್ತಿದ್ದರು.

"ಬರಲ್ಲ. ಇನ್ಮೇಲೆ ಅಲ್ಲೇ."

ಟೀಚರ್ ಏನೋ ಬರೆದು ಸಹಿ ಹಾಕಿಸಿಕೊಂಡರು. ಏನು ಬರೆದರು ಎಂದು ನಾನು ಓದಲಿಲ್ಲ. ಊಟದ ಡೆಲಿವರಿ ಕೆಲಸಕ್ಕೆ ಲೇಟಾಗಿತ್ತು. ಅಜ್ಜಿ ಗೋಡೆಯ ಆಚೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವಳ ಕಿವಿ ಮಂದ.

ವೋಟಿನ ದಿನ ರಜೆ ಎಂದು ಓನರ್ ಮನೆಯವರು ಮೈಸೂರಿಗೆ ಹೋದರು. ಅಜ್ಜಿ ಇಸ್ತ್ರಿ ಸೀರೆ ಉಟ್ಟು, ವೋಟರ್ ಕಾರ್ಡನ್ನು ಪ್ಲಾಸ್ಟಿಕ್ ಕವರಲ್ಲಿ ಇಟ್ಟುಕೊಂಡು ನನ್ನ ಜೊತೆ ಬಂದಳು. ಯಾವ ಎಲೆಕ್ಷನ್ನೂ ಅವಳು ತಪ್ಪಿಸಿದವಳಲ್ಲ.

ಬೂತಿನಲ್ಲಿದ್ದವರು ಲಿಸ್ಟಿನ ಮೇಲೆ ಬೆರಳಿಟ್ಟು ಹೇಳಿದರು: "ಅಜ್ಜಿ, ನಿಮ್ ಹೆಸರು ತೆಗ್ದಿದಾರೆ."

"ಕಾರ್ಡ್ ಇಲ್ಲೇ ಇದೆಯಲ್ಲಪ್ಪ. ಮುಖ ನೋಡು, ನಾನೇ."

"ಕಾರ್ಡ್ ಇದ್ರೆ ಆಗಲ್ಲ ಅಜ್ಜಿ. ಲಿಸ್ಟಲ್ಲಿ ಇರ್ಬೇಕು."

"ಯಾರು ತೆಗ್ದಿದ್ದು?"

ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹೊರಗೆ ಬಂದು ಅಜ್ಜಿ ಕ್ಯೂನಲ್ಲಿದ್ದವರಿಗೆಲ್ಲ ಕಾರ್ಡ್ ತೋರಿಸಿದಳು. "ಬದುಕಿರೋರ ಹೆಸರೇ ಹೊಡ್ದಾಕಿದಾರೆ ನೋಡ್ರಮ್ಮ!"

"ಎಲ್ಲಾ ಮೊದ್ಲೇ ಸೆಟ್ಟಿಂಗ್ ಅಜ್ಜಿ," ಎಂದ ಒಬ್ಬ ಹುಡುಗ.

ನಮ್ಮ ಬೀದಿಯ ಹೂವಿನ ಆಂಟಿ ಕ್ಯೂ ಬಿಟ್ಟು ಈಚೆ ಬಂದರು. "ಕಾರ್ಡ್ ಇರೋರ್ಗೇ ಹಿಂಗೆ ಅಂದ್ರೆ, ನಾವು ಒತ್ತಿದ್ದು ಎಲ್ಲಿಗೋಗುತ್ತೋ. ನಂಗೆ ವ್ಯಾಪಾರ ಇದೆ ಕಣಪ್ಪ." ಚೀಟಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೊರಟೇ ಹೋದರು. ಆಗಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜಿಯನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಹೋಗಿ ನನ್ನ ವೋಟು ಹಾಕಿ ಬಂದೆ. ಶಾಯಿ ಹಚ್ಚಿದ ಬೆರಳನ್ನು ಜೇಬಿನಲ್ಲಿ ಇಟ್ಟುಕೊಂಡೆ.

ಮತ್ತೆ ಹೆಸರು ಸೇರಿಸುವ ಫಾರಂ ತಂದೆ. ತುಂಬಿಯೂ ಆಯಿತು, ಅಜ್ಜಿ ಹೆಬ್ಬೆಟ್ಟೂ ಒತ್ತಿದಳು. ಕೊಟ್ಟರೆ ಟೀಚರ್ ಮನೆಗೆ ಬಂದು, ಅಜ್ಜಿ ಇದ್ದಾಳಾ ಎಂದು ನೋಡುತ್ತಾರೆ. ಆಗ ಓನರ್ ಮೆಟ್ಟಿಲ ಮೇಲೆ ಇರುತ್ತಾರೆ. ಫಾರಂ ಇನ್ನೂ ನನ್ನ ಡೆಲಿವರಿ ಬ್ಯಾಗಿನಲ್ಲೇ ಇದೆ. ಸಾರು ಚೆಲ್ಲಿ ಒಂದು ಮೂಲೆ ಹಳದಿಯಾಗಿದೆ.

ಊಟಕ್ಕೆ ಕೂತಾಗ ಅಜ್ಜಿ ಕೇಳುತ್ತಾಳೆ: "ಹೆಸರು ಬಂತೇನೋ?"

"ಇಲ್ಲ ಅಜ್ಜಿ."

"ನಾನ್ ಹೇಳ್ಲಿಲ್ವಾ? ಕೊಡಲ್ಲ ಕಣೋ ಅವ್ರು. ಕಳ್ರು."

ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತೇನೆ.